ತೊರೆಯಲ್ಲಿ ಅದ್ದಿದ ಕೋಟು

ಮಗಳು ಹಳೆಯ ಬೆಡ್‌ಶೀಟುಗಳನ್ನು ಒಯ್ದು ತೊರೆಯಲ್ಲಿ ಅದ್ದಲು ಶುರು ಮಾಡಿದ್ದು ಮೊದಲು ಗೊತ್ತಾದದ್ದು ನಮ್ಮ ಅತ್ತೆಗೆ. ಅವರ ಹಾಸಿಗೆಯ ಮೇಲಿದ್ದದ್ದೇ ಒಂದು ಮಾಯವಾಗಿತ್ತು.

"ಅದು ಹರಿದಿತ್ತಲ್ಲ ಅಜ್ಜಿ," ಅಂದಳು ಮಗಳು.

"ನಾನೂ ಅಲ್ಲಲ್ಲಿ ಹರಿದಿದೀನಿ. ನನ್ನನ್ನೂ ಎತ್ಕೊಂಡು ಹೋಗಿ ಅದ್ದಿಬಿಡು."

ಮಗಳು ಉಡುಪಿನ ವಿನ್ಯಾಸ ಕಲಿಯುತ್ತಿದ್ದಳು, ಕೊನೆಯ ವರ್ಷ. ಹಳೆಯ ಅಂಚೆ ಕಚೇರಿಯ ಹಾಲ್‌ನಲ್ಲಿ ಅವರ ತರಗತಿಯವರದ್ದೊಂದು ಪ್ರದರ್ಶನವಿತ್ತು. ಹೊಸ ಬಟ್ಟೆ ಕೊಳ್ಳುವಂತಿಲ್ಲ, ಎಸೆದದ್ದರಿಂದಲೇ ಉಡುಪು ಮಾಡಬೇಕು, ಆ ಉಡುಪು ನೋಡುವವರಿಗೆ ಏನನ್ನಾದರೂ ಹೇಳಬೇಕು ಎಂಬುದು ಅದರ ನಿಯಮ. ಜೊತೆಯವರು ಹಾಲಿನ ಪ್ಯಾಕೆಟ್ಟು, ಟೈರು, ಹಳೆಯ ಛತ್ರಿ ಅಂತ ಹೊರಟರೆ ನಮ್ಮವಳು ಮನೆ ಮನೆ ತಿರುಗಿ ಬಿಳಿ ಬಟ್ಟೆ ಕೇಳಿ ತಂದಳು. ಸವೆದ ಬೆಡ್‌ಶೀಟು, ಒಂಟಿಯಾದ ದಿಂಬಿನ ಚೀಲ, ಕಾಲರ್ ಹೋದ ಅಂಗಿ. ಹತ್ತಿಯೋ ಅಲ್ಲವೋ ಅಂತ ಒಂದೊಂದರಿಂದಲೂ ಎಳೆ ಎಳೆದು ಬೆಂಕಿಕಡ್ಡಿಗೆ ಹಿಡಿದು ನೋಡುತ್ತಿದ್ದಳು. ಕಾಗದ ಸುಟ್ಟ ವಾಸನೆ ಬಂದರೆ ಇಟ್ಟುಕೊಳ್ಳುವುದು, ಪ್ಲಾಸ್ಟಿಕ್ಕಿನ ವಾಸನೆ ಬಂದರೆ ನನ್ನ ಒರೆಸುವ ಬಟ್ಟೆಯ ಬುಟ್ಟಿಗೆ ಎಸೆಯುವುದು. ಆ ಪರೀಕ್ಷೆ ನಾನೇ ಕಲಿಸಿದ್ದು. ಕಿಟಕಿಯ ಹತ್ತಿರ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಪ್ಯಾಂಟು ಮೊಟಕು ಮಾಡುವುದು, ಜಿಪ್ ಬದಲಾಯಿಸುವುದು ನನ್ನ ಕೆಲಸ.

ಆ ಬಿಳಿ ಬಟ್ಟೆಗಳನ್ನು ಅಗಲ ಪಟ್ಟಿಗಳಾಗಿ ಕತ್ತರಿಸಿ, ತುದಿಗೆ ಕಲ್ಲು ಕಟ್ಟಿ, ಸೇತುವೆಯ ಕೆಳಗೆ ತೊರೆಯಲ್ಲಿ ಮುಳುಗಿಸಿ ಬರುತ್ತಿದ್ದಳು. ಮಾರನೆಯ ದಿನ ಹೋಗಿ ಎತ್ತುವುದು, ಹೊಸ ಪಟ್ಟಿ ಮುಳುಗಿಸುವುದು. ಎತ್ತಿದ್ದು ಯಾವ ಬಣ್ಣ ಹೀರಿಕೊಂಡಿರುತ್ತದೋ ಅದೇ ಆ ದಿನದ ಬಣ್ಣ. ಒಣಗಿದ ಮೇಲೆ ಪ್ರತಿ ಪಟ್ಟಿಯ ಮೂಲೆಯಲ್ಲಿ ಬಿಳಿ ದಾರದಿಂದ ಆ ವಾರದ ಹೆಸರು ಹೊಲಿಯುವಳು. ಸೋಮ, ಮಂಗಳ, ಬುಧ. ಕೊನೆಗೆ ಎಲ್ಲ ಸೇರಿಸಿ ನೆಲ ಗುಡಿಸುವಷ್ಟು ಉದ್ದದ ಕೋಟು. ನಾವು ತೊರೆಗೆ ಏನು ಉಡಿಸುತ್ತಿದ್ದೇವೋ ಅದನ್ನೇ ನಾವೂ ಉಟ್ಟು ನೋಡೋಣ ಎಂಬುದು ಅವಳ ಯೋಚನೆ.

ಯೋಚನೆ ಚೆನ್ನಾಗಿತ್ತು. ತೊಂದರೆ ಎಲ್ಲಿತ್ತೆಂದರೆ, ಸೇತುವೆಗಿಂತ ಮೇಲೆ, ನೀರು ಹರಿದು ಬರುವ ಕಡೆಗೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅಲ್ಲಿ ಬಣ್ಣದ ಮೇಸ್ತ್ರಿ ಅಂದರೆ ನಮ್ಮ ಮನೆಯವರು.

ಗಿರಾಕಿ ಒಂದು ಚೂರು ಬಟ್ಟೆ ತಂದು ಇದೇ ಬಣ್ಣ ಬೇಕು ಅಂದರೆ ಅದನ್ನು ಕಣ್ಣಳತೆಯಲ್ಲೇ ಬಿಡಿಸಿ, ಇಷ್ಟು ಹಳದಿ, ಇಷ್ಟು ಕೆಂಪು ಅಂತ ಬೆರೆಸಿ, ಥಾನುಗಟ್ಟಲೆ ಬಟ್ಟೆಗೆ ಒಂದೇ ಸಮ ಹತ್ತಿಸುವುದು ಅವರ ಕೆಲಸ. ಒಂದೇ ಸಮ ಎನ್ನುವುದು ಅವರಿಗೆ ಬರೀ ಕೆಲಸವಲ್ಲ, ಗೀಳು. ಬಸ್ಸಿನ ಪರದೆ ಒಂದು ಬದಿ ಮಾಸಿದ್ದರೆ ಇಳಿಯುವವರೆಗೂ ಅದನ್ನೇ ನೋಡುತ್ತಾರೆ. ಒಮ್ಮೆ ಸಂಜೆಯ ಆಕಾಶ ನೋಡಿ, "ಚೆನ್ನಾಗಿದೆ, ಎಡಗಡೆ ಕೆಂಪು ಸ್ವಲ್ಪ ಜಾಸ್ತಿ ಕುಡಿದಿದೆ," ಅಂದಿದ್ದರು.

"ಅಪ್ಪನಿಗೆ ನಾನೇ ಹೇಳ್ತೀನಿ. ನೀನು ಬಾಯಿಬಿಡಬೇಡ ಅಮ್ಮ," ಅಂದಿದ್ದಳು ಮಗಳು.

"ಯಾವಾಗ ಹೇಳ್ತೀಯ?"

"ಹೇಳ್ತೀನಿ."

"ಹಾಲ್‌ನಲ್ಲಿ ನಾಲ್ಕು ಜನರ ಮುಂದೆ ಕೋಟು ನೋಡಿ ಅವರಿಗೆ ಗೊತ್ತಾಗೋ ಹಾಗೆ ಮಾಡಬೇಡ. ಮನೇಲಿ, ನಿನ್ನ ಬಾಯಿಂದ ಹೇಳು."

"ಹೇಳ್ತೀನಿ ಅಂದ್ನಲ್ಲ."

ಪ್ರದರ್ಶನದ ದಿನ ಅಪ್ಪ ಮಗಳು ಮುಖ ತಿರುಗಿಸಿಕೊಳ್ಳದೆ ಆ ಕೋಟಿನ ಮುಂದೆ ಒಟ್ಟಿಗೆ ನಿಲ್ಲಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಕೋಟಿಗೆ ಬಹುಮಾನ ಬರಲಿ ಬಿಡಲಿ, ಅದು ನನ್ನ ತಲೆಯಲ್ಲಿ ಇರಲಿಲ್ಲ.

ಆದರೆ ಅವಳು ಹೇಳಲಿಲ್ಲ. ಅಪ್ಪ ದಣಿದು ಬಂದಿದ್ದಾರೆ, ಈಗ ಬೇಡ. ಅಪ್ಪ ಇವತ್ತು ನಗುನಗುತ್ತಾ ಇದ್ದಾರೆ, ಯಾಕೆ ಕೆಡಿಸಬೇಕು. ಹೀಗೆ ದಿನಗಳು ಜಾರಿದವು. ಅಷ್ಟರಲ್ಲಿ ಅವರು ತಾವೇ ಒಂದು ಅರ್ಥ ಮಾಡಿಕೊಂಡುಬಿಟ್ಟರು. ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿದ್ದ ಪಟ್ಟಿಗಳನ್ನು ನೋಡಿ, ಮಗಳು ಗುಟ್ಟಾಗಿ ಬಣ್ಣ ಹಾಕುವುದನ್ನು ಕಲಿಯುತ್ತಿದ್ದಾಳೆ ಅಂದುಕೊಂಡರು. ಕಲಿಯಲಾಗದೆ ಒದ್ದಾಡುತ್ತಿದ್ದಾಳೆ ಅಂತಲೂ ಅಂದುಕೊಂಡರು. ಚಿಕ್ಕಂದಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತಿದ್ದಳೆಂದು ಅವಳನ್ನು ಕತ್ತರಿ ಅಂತಲೇ ಕರೆಯುತ್ತಾರೆ.

"ಏ ಕತ್ತರಿ, ಒಣಗಿದ ಬಟ್ಟೇನೇ ಬಣ್ಣಕ್ಕೆ ಇಳಿಸ್ತಿದೀಯಾ?"

"ಹ್ಞೂಂ."

"ಅದಕ್ಕೇ ನೋಡು ಹೀಗೆ ಕಲೆ ಕಲೆ. ಮೊದಲು ನೆನೆಸಿ, ಹಿಂಡಿ, ಆಮೇಲೆ ಇಳಿಸಬೇಕು. ಉಪ್ಪು ಹಾಕಿದ್ಯಾ?"

"ಇಲ್ಲಪ್ಪ."

"ಉಪ್ಪೇ ಇಲ್ಲ! ಉಪ್ಪಿಲ್ಲದ ಅಡುಗೆ ಆಯ್ತು ಬಿಡು."

ಮಗಳು ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿ, ಈಗ ಹೇಳು ಅಂತ ಹುಬ್ಬು ಎತ್ತಿದೆ. ಅವಳು ಪಟ್ಟಿ ಮಡಚಿಕೊಂಡು ಒಳಗೆ ಹೋದಳು.

"ಕೇಳೋಕೆ ನಾಚಿಕೆ ಅವಳಿಗೆ," ಅಂದರು ಇವರು ನನ್ನ ಹತ್ತಿರ ಬಂದು. ಮುಖ ಅರಳಿತ್ತು. "ಬಣ್ಣದ ಮೇಸ್ತ್ರಿ ಮಗಳು, ಅಪ್ಪನ ಹತ್ರ ಕೇಳೋದಾ ಅಂತ. ಕಲಿಯೋ ಆಸೆ ಹುಟ್ಟಿತಲ್ಲ, ಅಷ್ಟು ಸಾಕು. ನನ್ನ ಕೆಲಸ ಅಂದ್ರೆ ಮೂಗು ಮುಚ್ಕೊಳ್ತಾಳೆ ಅಂದ್ಕೊಂಡಿದ್ದೆ."

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ಕೂತ ನನಗೆ ಬಾಯಿ ಕಟ್ಟಿತ್ತು. "ಅವಳೇ ಹೇಳ್ತಾಳೆ, ತಡೀರಿ," ಅಂದೆ.

ಕೋಟು ನನ್ನ ಯಂತ್ರದ ಮೇಲೆಯೇ ತಯಾರಾಯಿತು. ಹೊಲಿಯುವಾಗ ಕಿಟಕಿ ತೆಗೆದೇ ಇಡಬೇಕಾಗಿತ್ತು. ಎಷ್ಟು ಸಲ ಜಾಲಿಸಿದರೂ ಬಿಡದ ಒಂದು ವಾಸನೆ, ಸೀದ ರಬ್ಬರಿನದೂ ಅಲ್ಲ, ಕೊಳೆತ ಹೂವಿನದೂ ಅಲ್ಲ, ಎರಡರ ನಡುವಿನದು. ಕಾಲರ್ ಕಪ್ಪಿಗೆ ತಿರುಗಿದ ಹಸಿರು. ತೋಳುಗಳಲ್ಲಿ ತುಕ್ಕಿನ ಬಣ್ಣ, ಮೊಣಕೈ ಹತ್ತಿರ ಅದು ಕರಗಿ ಕಂದು. ಬೆನ್ನಿಗೆ ನೇರಳೆ, ನಡುವೆ ಗ್ರೀಸಿನ ಗೆರೆಗಳು. ಕೆಳಗಿನ ಅಂಚು ಮುದುಕರ ಹಲ್ಲಿನ ಹಾಗೆ ಹಳದಿ. ಅತ್ತೆ ಅದನ್ನು ಕುರ್ಚಿಯ ಬೆನ್ನಿಗೆ ಹಾಕಿದ್ದು ನೋಡಿ, "ಇದನ್ನ ಹಾಕ್ಕೊಂಡು ಯಾರಾದ್ರೂ ಹೊರಗೆ ಹೋದ್ರೆ ನಾಯಿಗಳು ಬಿಡಲ್ಲ," ಅಂದರು. ನಾನಂತೂ ಮೂಗಿಗೆ ಸೆರಗು ಹಿಡಿದುಕೊಂಡೇ ಅದನ್ನು ಮತ್ತೆ ಮತ್ತೆ ನೋಡಿದೆ. ಅದೇ ಅವಳಿಗೆ ಬೇಕಾಗಿದ್ದದ್ದು.

ಶನಿವಾರ ಸಂಜೆಯೊಳಗೆ ಕೋಟು ಹಾಲ್‌ನಲ್ಲಿ ತೂಗಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಭಾನುವಾರ ಬಾಗಿಲು ತೆರೆಯುವುದು. "ಶುಕ್ರವಾರ ಅಪ್ಪ ಕೆಲಸದಿಂದ ಬಂದ ಕೂಡ್ಲೇ ಹೇಳ್ತೀನಿ. ಆಣೆ," ಅಂದಳು ಮಗಳು.

ಶುಕ್ರವಾರ ಬೆಳಿಗ್ಗೆ ಅವಳು ಕೋಟು ತೂಗುಹಾಕುವ ಕೋಲಿನ ಅಳತೆ ನೋಡಲು ಹಾಲ್‌ಗೆ ಹೋದಳು. ನಾನು ಹೊಲಿದಿಟ್ಟ ಪ್ಯಾಂಟುಗಳನ್ನು ಕೊಟ್ಟು ಬರಲು ಬೀದಿಗೆ ಇಳಿದೆ. ಮಧ್ಯಾಹ್ನದ ಹೊತ್ತಿಗೆ ಬಂದು ನೋಡಿದರೆ ಕುರ್ಚಿಯ ಬೆನ್ನು ಬರಿದಾಗಿತ್ತು. ಮಗಳೇ ಒಯ್ದಿರಬೇಕು ಅಂದುಕೊಂಡು ಪಾತ್ರೆಗೆ ಕೈಹಾಕಿದೆ. ಕೊನೆಯ ಲೋಟ ಬೋರಲು ಹಾಕುವಷ್ಟರಲ್ಲಿ ಮಗಳು ಬಂದಳು, ಬರಿಗೈಯಲ್ಲಿ.

"ಅಮ್ಮ, ಕೋಟೆಲ್ಲಿ?"

ಅತ್ತೆ ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತದೆ, "ನಿಮ್ಮಪ್ಪ ತಗೊಂಡು ಹೋದ," ಅಂದರು.

"ಎಲ್ಲಿಗೆ?"

"ಕೆಲಸಕ್ಕೆ. ನಾನೇ ಮಡಚಿ ಚೀಲಕ್ಕೆ ಹಾಕ್ಕೊಟ್ಟೆ. ಪಾಪ, ಕೂಸು ಇಷ್ಟು ದಿನ ಕಷ್ಟಪಟ್ಟು ಕೆಡಿಸಿದೆ, ನಾಲ್ಕು ಜನ ನಗೋ ಮುಂಚೆ ಸರಿ ಮಾಡ್ಕೊಂಡು ಬರ್ತೀನಿ ಅಂದ. ಕೆಲಸ ಬಲ್ಲವನು, ಹೊಸದರ ಹಾಗೆ ಮಾಡಿ ತರ್ತಾನೆ ನೋಡ್ತಿರು. ಯಾಕೆ ಹಾಗೆ ನಿಂತೆ?"

ಮಗಳು ಚಪ್ಪಲಿ ಕಳಚಿರಲೇ ಇಲ್ಲ. ಹಾಗೇ ತಿರುಗಿ ಓಡಿದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನಾನೂ ಹಿಂದೆ ಹೋದೆ.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಒಳಗೆ ಬಿಡಲಿಲ್ಲ. ಹೆಂಗಸರಿಬ್ಬರು ಏದುಸಿರು ಬಿಡುತ್ತ ನಿಂತದ್ದು ನೋಡಿ, ಮನೆಯಲ್ಲಿ ಏನೋ ಆಗಿದೆ ಅಂದುಕೊಂಡು ಫೋನು ಮಾಡಿ ಇವರನ್ನು ಕರೆಸಿದ. ಇವರು ಗಾಬರಿಯಿಂದ ಬಂದರು. ಜೊತೆಗೆ ಬಾಯ್ಲರ್ ನೋಡಿಕೊಳ್ಳುವವನೂ ಬಂದ. ಇವರ ಕೈ ಮೊಣಕೈವರೆಗೆ ನೀಲಿಯಾಗಿತ್ತು.

"ಅಮ್ಮನಿಗೇನಾಯ್ತು?"

"ಏನಿಲ್ಲ, ಅತ್ತೆ ಚೆನ್ನಾಗಿದಾರೆ," ಅಂದೆ.

ಇವರು ಮಗಳ ಮುಖ ನೋಡಿದರು. ನೋಡಿದವರೇ ನಕ್ಕರು. "ಓಹೋ, ಕೋಟು ಕಾಣೆ ಅಂತ ಓಡಿ ಬಂದ್ಯಾ? ಅಜ್ಜಿ ಬಾಯಿ ನಿಲ್ಲಲ್ಲ, ಹೇಳಿಬಿಟ್ಳು. ಸಂಜೆ ತೋರಿಸೋಣ ಅಂತಿದ್ದೆ."

"ಏನಮ್ಮಾ, ನಿಮ್ಮಪ್ಪ ಬೆಳಿಗ್ಗೆಯಿಂದ ಒಂದು ಕೋಟಿನ ಹಿಂದೆ ಬಿದ್ದಿದಾರೆ," ಅಂದ ಬಾಯ್ಲರಿನವನು. "ಅದರ ತುಂಬ ವಾರದ ಹೆಸರು ಬೇರೆ. ಹಾಕ್ಕೊಂಡವರಿಗೆ ಇವತ್ತು ಯಾವ ವಾರ ಅಂತ ಮರೆತು ಹೋದ್ರೆ ನೋಡ್ಕೊಳ್ಳೋಕಾ?"

"ನಿಂಗೇನು ಗೊತ್ತು, ಈಗಿನ ಫ್ಯಾಷನ್ ಅದು," ಅಂದರು ಇವರು. ಆ ಮಾತಿನಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ನಾನು ಮಗಳ ಕೈ ಹಿಡಿದುಕೊಂಡೆ. "ಹಳೇ ಬಣ್ಣ ಪೂರ್ತಿ ತೆಗೆದಾಯ್ತು ಕತ್ತರಿ. ಹಾಲಿನ ಹಾಗೆ ಬಿಳಿ ಬಂತು. ಈಗ ಹೊಸದರಲ್ಲಿ ಇಳಿಸಿದೀನಿ. ಹೇಳು, ಏನಾದ್ರೂ ಹೇಳ್ಬೇಕಿತ್ತಾ?"

ಕಾವಲಿನವನು ನೋಡುತ್ತಿದ್ದ. ಬಾಯ್ಲರಿನವನು ನೋಡುತ್ತಿದ್ದ. ಮಗಳು ಅಪ್ಪನ ನೀಲಿ ಕೈಗಳನ್ನು ನೋಡಿ, "ಏನಿಲ್ಲಪ್ಪ," ಅಂದಳು.

ಹಿಂದಿರುಗುವಾಗ ಅವಳು ಸೇತುವೆಯ ಮೇಲೆ ನಿಂತಳು. ಕೆಳಗೆ ನೀರು ಎಂದಿನಂತೆ ಹರಿಯುತ್ತಿತ್ತು, ಒಂದು ದಡಕ್ಕೆ ಅಂಟಿಕೊಂಡು ನೀಲಿ, ನಡುವೆ ಮಣ್ಣಿನ ಬಣ್ಣ. ಅದರಲ್ಲಿ ಕೋಟಿನದು ಯಾವುದು, ದಿನದ ಕೆಲಸದ್ದು ಯಾವುದು ಅಂತ ಹೇಳುವಂತಿರಲಿಲ್ಲ.

"ತೊರೆಯಿಂದ ತೆಗೆದದ್ದನ್ನ ತೊರೆಗೇ ಹಾಕಿದ್ರು," ಅಂದಳು. ಅಳುತ್ತಿರಲಿಲ್ಲ. "ನಿನ್ನೆ ಹೇಳಿದ್ರೂ ಆಗ್ತಿತ್ತು ಅಮ್ಮ."

"ಇವತ್ತೂ ಹೇಳಬಹುದು," ಅಂದೆ.

ಸಂಜೆ ಇವರು ಕಾಗದದಲ್ಲಿ ಸುತ್ತಿಕೊಂಡು ತಂದರು. ಕೈಕಾಲು ತೊಳೆಯಲೂ ಇಲ್ಲ. ಚಹಾ ಲೋಟ ಕೈಗೆ ಕೊಟ್ಟರೆ ಪಕ್ಕಕ್ಕಿಟ್ಟು, ದಾರ ಬಿಚ್ಚಿ, ಕೋಟನ್ನು ಎರಡು ಭುಜ ಹಿಡಿದು ಎತ್ತಿದರು.

ಸುಳ್ಳು ಹೇಳಬಾರದು. ನನ್ನ ಬದುಕಿನಲ್ಲಿ ಅಷ್ಟು ಚಂದದ ನೀಲಿ ನೋಡಿರಲಿಲ್ಲ. ಕಾಲರಿನಿಂದ ಕೆಳಗಿನ ಅಂಚಿನವರೆಗೆ ಒಂದೇ ಸಮ, ಎಲ್ಲಿಯೂ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ವಾಸನೆಯಿಲ್ಲ. ಎಷ್ಟೋ ಮನೆಗಳ ಹರಿದ ಹಾಸಿಗೆಗಳು ಅಂತ ಆಣೆ ಇಟ್ಟು ಹೇಳಿದರೂ ಯಾರೂ ನಂಬುವಂತಿರಲಿಲ್ಲ. ವಾರದ ಹೆಸರುಗಳು ಮಾತ್ರ ಮೊದಲಿನಂತೆ ಬೆಳ್ಳಗೆ ಉಳಿದಿದ್ದವು, ನೀಲಿಯ ಮೇಲೆ ಇನ್ನೂ ಎದ್ದು ಕಾಣುತ್ತಿದ್ದವು.

"ಪಾಲಿಯೆಸ್ಟರ್ ದಾರ ಹಾಕಿದೀಯ, ಹತ್ತಿಯ ಬಣ್ಣ ಅದಕ್ಕೆ ಹತ್ತಲ್ಲ," ಅಂದರು ಇವರು. "ಅದೊಂದು ಬಿಟ್ರೆ ಹುಡುಕಿದರೂ ಕುಂದು ಸಿಗಲ್ಲ. ಹಾಕ್ಕೋ ನೋಡೋಣ."

ಅವಳು ಹಾಕಿಕೊಂಡಳು. ಅತ್ತೆ ಕೈ ತಟ್ಟಿದರು. "ರಾಣಿ ಹಾಗಿದೀಯ! ನಾನು ಹೇಳ್ಲಿಲ್ವಾ?"

"ಅಪ್ಪ," ಅಂದಳು ಮಗಳು, ಕೋಟು ಕಳಚದೆ. "ಆ ಬಣ್ಣ ನಾನು ಹಾಕಿದ್ದಲ್ಲ."

"ಮತ್ತೆ?"

"ತೊರೆ ಹಾಕಿದ್ದು. ಬಿಳಿ ಬಟ್ಟೆ ನೀರಲ್ಲಿ ಬಿಟ್ಟು ಬರ್ತಿದ್ದೆ. ಒಂದೊಂದು ದಿನದ್ದು ಒಂದೊಂದು. ಅದಕ್ಕೇ ವಾರದ ಹೆಸರು. ತೊರೆಗೆ ಏನಾಗ್ತಿದೆ ಅಂತ ತೋರಿಸೋಕೆ."

ಇವರು ಕಾಗದವನ್ನು ಮಡಚುತ್ತಿದ್ದರು. ಮಡಚಿದ್ದನ್ನು ಮತ್ತೆ ಮಡಚಿದರು, ಅದು ಅಂಗೈಯಷ್ಟಾಗುವ ತನಕ. ಅತ್ತೆಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಏನೋ ಆಯಿತೆಂದು ತಿಳಿದು ತಟ್ಟಿದ ಕೈ ಕೆಳಗಿಳಿಸಿದರು.

"ಉಳಿದ ಚೂರು ಇದೆಯಾ?" ಅಂದರು ಇವರು ಕೊನೆಗೆ.

ಅವಳು ಒಳಗಿನಿಂದ ಡಬ್ಬಿ ತಂದಳು. ಕತ್ತರಿಸಿ ಮಿಕ್ಕ ಬೆರಳಗಲದ ಚೂರುಗಳು, ಮತ್ತೊಂದು ಕೋಟಿಗಲ್ಲ, ಗೊಂಬೆಯ ಕೋಟಿಗೂ ಸಾಲದು. ಇವರು ಅವನ್ನು ಕಿಟಕಿಯ ಬೆಳಕಿಗೆ ಒಯ್ದು ನನ್ನ ಯಂತ್ರದ ಹಲಗೆಯ ಮೇಲೆ ಸಾಲಾಗಿ ಇಟ್ಟರು. ಬೇಡವೆಂದರೂ ಕಣ್ಣು ಕೆಲಸ ಮಾಡಿಬಿಡುತ್ತದೆ.

"ಈ ತುಕ್ಕು ನಮ್ಮದು. ಕೈಚೀಲದವರ ಆರ್ಡರು. ಈ ನೇರಳೆ ನಮ್ಮದೇ, ಒಂದು ಸಲ ಕೆಟ್ಟು ಹೋಯ್ತು, ಇಡೀ ತೊಟ್ಟಿ ಚೆಲ್ಲಿದ್ವಿ. ಈ ಹಸಿರು ನಮ್ಮದಲ್ಲ. ಇದು ಮೇಲ್ಗಡೆ ಲೋಹಕ್ಕೆ ಹೊಳಪು ಕೊಡ್ತಾರಲ್ಲ, ಅವರದ್ದು. ಬಣ್ಣವೇ ಅಲ್ಲ ಇದು." ಆ ಚೂರನ್ನು ಸಾಲಿನಿಂದ ಆಚೆ ಸರಿಸಿದರು. "ತೊಟ್ಟಿ ಇದೆ ನಮ್ಮಲ್ಲಿ. ಹೊರಗೆ ಬಿಡೋ ನೀರು ಶುದ್ಧ ಮಾಡೋ ತೊಟ್ಟಿ."

"ಅದು ತುಂಬಿ ಚೆಲ್ಲತ್ತೆ ಅಂತ ನೀವೇ ಹೇಳಿದ್ರಿ."

"ಮನೇಲಿ ಹೇಳಿದ್ದು ಮನೇಲಿರಬೇಕು!"

ಅವರು ಮಗಳ ಮೇಲೆ ದನಿ ಎತ್ತುವುದು ಕಡಿಮೆ. ಅವಳೂ ಬೆಚ್ಚಿದಳು, ಆದರೆ ಬಿಡಲಿಲ್ಲ.

"ನಿಮ್ಮ ಹೆಸರು ಎಲ್ಲೂ ಹಾಕಿರ್ಲಿಲ್ಲಪ್ಪ. ಕಾರ್ಖಾನೆ ಹೆಸರೂ ಹಾಕಿರ್ಲಿಲ್ಲ."

"ಹೆಸರು ಯಾಕೆ ಬೇಕು? ಊರಿಗೆಲ್ಲ ಬಣ್ಣ ಯಾರದ್ದು ಅಂತ ಗೊತ್ತು. ಉಂಡ ಮನೆಗೆ ಎರಡು ಬಗೆದ ಅಂತಾರೆ. ಆ ಬಣ್ಣದಿಂದಲೇ ನಿನ್ನ ಕಾಲೇಜು, ಈ ಮನೆ, ಆ ಯಂತ್ರ." ಒಂದು ಚೂರನ್ನು ಎತ್ತಿ ಮತ್ತೆ ಇಟ್ಟರು. "ಒಂದು ಮಾತು ಮೊದಲೇ ಹೇಳಿದ್ರೆ ನಾನು ಮುಟ್ತಾನೇ ಇರ್ಲಿಲ್ಲ."

"ಹೇಳಿದ್ರೆ ಮಾಡಬೇಡ ಅಂತಿದ್ರಿ."

ಅಂತಿದ್ದರು ಅಂತ ನಮ್ಮೆಲ್ಲರಿಗೂ ಗೊತ್ತಿತ್ತು, ಅವರಿಗೂ. ಇವರು ಆರಿದ ಚಹಾ ಕುಡಿದು ಸ್ನಾನಕ್ಕೆ ಹೋದರು. ಕೈಯ ನೀಲಿ ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು.

ಅತ್ತೆ ಮೆಲ್ಲನೆ ಮೊಮ್ಮಗಳ ಪಕ್ಕಕ್ಕೆ ಸರಿದರು. "ನಾನೇ ಚೀಲಕ್ಕೆ ಹಾಕ್ಕೊಟ್ಟೆ ಕಣೆ. ನಂಗೇನು ಗೊತ್ತು, ಕೊಳಕಾಗಿ ಕಾಣಬೇಕು ಅಂತಲೇ ಮಾಡಿದ್ದೀಯ ಅಂತ. ನಮ್ಮ ಕಾಲದಲ್ಲಿ ಕೊಳಕು ತಾನಾಗೇ ಬರ್ತಿತ್ತು, ಅದಕ್ಕೆ ಕಾಲೇಜು ಇರ್ಲಿಲ್ಲ."

ಮಗಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಕೋಟಿನಲ್ಲೇ ಮೂಗು ಒರೆಸಿಕೊಳ್ಳಲು ಹೋದಳು, ನಾನು ಒರೆಸುವ ಬಟ್ಟೆ ಕೊಟ್ಟೆ.

ಶನಿವಾರ ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ನಾನು ಬಟ್ಟೆ ಒಗೆಯುತ್ತಿದ್ದೆ, ಅವಳು ಹಿತ್ತಲ ಮೆಟ್ಟಿಲ ಮೇಲೆ ಕೋಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜಾಗ ಬಿಟ್ಟುಕೊಡುತ್ತೇನೆ ಅಂತ ಎರಡು ಸಲ ಅಂದಳು. ನಾನು ದಿಂಬಿನ ಚೀಲದ ಒಂದು ತುದಿ ಅವಳ ಕೈಗೆ ಕೊಟ್ಟೆ, ಇಬ್ಬರೂ ಹಿಂಡಿದೆವು.

"ಅಮ್ಮ, ಇದನ್ನ ನೋಡಿದವರು ಏನಂತಾರೆ?"

"ಎಷ್ಟು ಚೆನ್ನಾಗಿದೆ ಅಂತಾರೆ."

"ಹ್ಞಾಂ. ಅಂಗಡೀಲೂ ಹಾಗೇ ಅಂತೀವಿ ಅಲ್ವಾ? ಎಷ್ಟು ಚೆನ್ನಾಗಿದೆ ಅಂತ. ಹಿಂದೆ ಏನು ಹರೀತು ಅಂತ ಯಾರು ಕೇಳ್ತಾರೆ?" ಬುಧ ಅಂತ ಹೊಲಿದಿದ್ದ ಜಾಗದ ಮೇಲೆ ಬೆರಳಾಡಿಸಿದಳು. "ಇದನ್ನೇ ತೂಗುಹಾಕ್ತೀನಿ. ಹೀಗೇ. ಆದರೆ ಇದು ಹೇಗಾಯ್ತು ಅಂತ ಅಪ್ಪನೇ ಹೇಳ್ಬೇಕು. ನಾನು ಹೇಳಿದ್ರೆ ದೂರು ಹೇಳಿದ ಹಾಗಾಗತ್ತೆ."

ಅಂದು ಸಂಜೆ, ಹಾಲ್‌ನಲ್ಲಿ ಕೋಟು ತೂಗುಹಾಕಿ ಬಂದವಳೇ ಅಪ್ಪನನ್ನು ಕೇಳಿದಳು. ನೇರವಾಗಿ ಕೇಳಿದಳು, ಅದು ನನಗೆ ಸಮಾಧಾನ. ಇವರು ಅಷ್ಟೇ ನೇರವಾಗಿ, "ನನ್ನ ಬಾಯಿಂದ ಅದನ್ನ ಹೇಳಿಸಬೇಡ. ನಾನು ಬರೋದೂ ಇಲ್ಲ," ಅಂದರು.

ಭಾನುವಾರ ಬೆಳಿಗ್ಗೆ ನಾನು ಎಲ್ಲರ ಬಟ್ಟೆ ಇಸ್ತ್ರಿ ಮಾಡಿದೆ. ಇವರ ಅಂಗಿಯನ್ನೂ ಮಾಡಿ ಕುರ್ಚಿಗೆ ಹಾಕಿದೆ. ಮಗಳು ಮೊದಲೇ ಹೋಗಿದ್ದಳು. ಅತ್ತೆ ಹೊಸಿಲ ಹತ್ತಿರ ಚಪ್ಪಲಿ ಮೆಟ್ಟುತ್ತ, "ಬರದೇ ಇರೋನು ಬರದೇ ಇರ್ಲಿ. ಅವನು ಹಾಕಿದ ಬಣ್ಣ ಚೆನ್ನಾಗಿಲ್ಲ ಅಂತ ಯಾರಾದ್ರೂ ಅಂದ್ರೆ ನಾನೇ ಉತ್ತರ ಹೇಳ್ತೀನಿ, ಅದಕ್ಕೇನಂತೆ," ಅಂದರು.

"ಚೆನ್ನಾಗಿಲ್ಲ ಅಂತ ಯಾರಂತಾರೆ?" ಅಂದರು ಇವರು ಒಳಗಿನಿಂದ.

"ನಂಗೇನಪ್ಪ ಗೊತ್ತು. ಜನ."

ನಾವು ಬೀದಿಯ ತಿರುವು ದಾಟುವ ಮೊದಲೇ ಇವರು ಗುಂಡಿ ಹಾಕಿಕೊಳ್ಳುತ್ತ ಹಿಂದಿನಿಂದ ಬಂದು ಸೇರಿಕೊಂಡರು.

ಹಾಲ್‌ನಲ್ಲಿ ಜನ ಸೇರಿದ್ದರು. ಟೈರಿನ ಲಂಗ, ಛತ್ರಿಯ ಕುಪ್ಪಸ, ಎಲ್ಲವೂ ಕಸದಿಂದ ಬಂದದ್ದೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ನಮ್ಮ ಕೋಟು ಮಾತ್ರ ಈಗ ತಾನೇ ಕೊಂಡು ತಂದು ತೂಗುಹಾಕಿದ ಹಾಗೆ. ದೊಡ್ಡ ಕಿಟಕಿಯ ಬೆಳಕು ಅದರ ಮೇಲೆ ಬೀಳುತ್ತಿತ್ತು. ಇವರು ಮೊದಲು ಅದರ ಅಂಚು ಮುಟ್ಟಿ, ಬೆಳಕಿಗೆ ಹಿಡಿದು, ಬಣ್ಣ ಸರಿಯಾಗಿದೆ ಅಂತ ಖಚಿತ ಮಾಡಿಕೊಂಡೇ ಪಕ್ಕಕ್ಕೆ ಸರಿದರು. ಸರಿದವರು ಗೋಡೆಯ ಹತ್ತಿರ ಕೈಕಟ್ಟಿ ನಿಂತರು. ಮಗಳು ಆ ಬದಿಗೆ, ಇವರು ಈ ಬದಿಗೆ, ನಡುವೆ ಕೋಟು.

ಬಾಯ್ಲರಿನವನು ಹೆಂಡತಿಯ ಜೊತೆ ಬಂದಿದ್ದ. "ಅಯ್ಯೋ, ಇಲ್ಲಿ ನೋಡೆ, ನಮ್ಮ ಮೇಸ್ತ್ರಿ ಕೋಟು," ಅಂತ ಹೆಂಡತಿಗೆ ತೋರಿಸಿದ.

ಅಷ್ಟರಲ್ಲಿ ಒಬ್ಬ ವಯಸ್ಸಾದ ಹೆಂಗಸು, ಕನ್ನಡಕ ಹಣೆಗೇರಿಸಿಕೊಂಡು ಕೋಟಿನ ತೋಳು ಹಿಡಿದು ನೋಡುತ್ತ, "ಎಂಥ ನೀಲಿ! ಇದನ್ನ ಹಳೇ ಬಟ್ಟೆ ಅಂದ್ರೆ ಯಾರು ನಂಬ್ತಾರಮ್ಮ? ಯಾರು ಬಣ್ಣ ಹಾಕಿದ್ದು?" ಅಂದರು.

ಮಗಳು ಕೈ ತೋರಿಸಿ, "ನಮ್ಮಪ್ಪ," ಅಂದಳು.

ಆಕೆ ಇವರ ಕಡೆ ತಿರುಗಿದರು. "ಹೇಗೆ ಮಾಡಿದ್ರಪ್ಪ? ನಾನು ಮನೇಲಿ ಒಂದು ಸಲ ಪ್ರಯತ್ನಪಟ್ಟು ನನ್ನ ಒಳ್ಳೇ ಸೀರೆ ಹಾಳು ಮಾಡ್ಕೊಂಡೆ."

ಕೆಲಸದ ಬಗ್ಗೆ ಕೇಳಿದರೆ ಇವರಿಗೆ ಸುಮ್ಮನಿರಲು ಬರುವುದಿಲ್ಲ. ಕಟ್ಟಿದ್ದ ಕೈ ಬಿಟ್ಟುಕೊಂಡರು. "ಮೊದಲು ಹಳೇ ಬಣ್ಣ ತೆಗೀಬೇಕಮ್ಮ. ಕಾಸ್ಟಿಕ್ ಸೋಡಾ ಹಾಕಿ, ಹೈಡ್ರೋಸ್ ಅಂತ ಒಂದು ಪುಡಿ ಬರತ್ತೆ, ಅದನ್ನ ಹಾಕಿ ಕುದಿಸಿದೆ. ಬಣ್ಣ ಬಿಟ್ಟಿತು. ಆ ನೀರು ಚೆಲ್ಲಿ ಜಾಲಿಸಿದೆ. ಮತ್ತೆ ಹೊಸ ನೀರು. ಆಮೇಲೆ ಬಣ್ಣ, ಅದಕ್ಕೆ ಉಪ್ಪು, ವಾಷಿಂಗ್ ಸೋಡಾ. ಹತ್ತಿದ ಮೇಲೆ ಹೆಚ್ಚಾದದ್ದು ಹೋಗಬೇಕಲ್ಲ, ಜಾಲಿಸೋದು, ಸೋಪಿನ ನೀರಲ್ಲಿ ಕುದಿಸೋದು, ಮತ್ತೆ ಜಾಲಿಸೋದು. ನೀರು ತಿಳಿಯಾಗೋ ತನಕ."

"ಅಬ್ಬಾ, ಎಷ್ಟು ನೀರು! ಅಷ್ಟೆಲ್ಲ ನೀರು ಎಲ್ಲಿಗೆ ಹೋಗತ್ತೆ?"

ಆಕೆ ಸುಮ್ಮನೆ ಕೇಳಿದ್ದು. ಬಟ್ಟೆ ಒಗೆಯುವ ಯಾವ ಹೆಂಗಸಾದರೂ ಕೇಳುವ ಪ್ರಶ್ನೆ. ಇವರು ಬಾಯ್ಲರಿನವನ ಕಡೆ ಒಮ್ಮೆ ನೋಡಿದರು. ಮಗಳ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ನಾನು ಅತ್ತೆಯ ತೋಳು ಹಿಡಿದಿದ್ದೆ, ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದು ಆಮೇಲೆ ಅತ್ತೆ ಬೈದ ಮೇಲೆಯೇ ತಿಳಿದದ್ದು.

"ತೊರೆಗಮ್ಮ," ಅಂದರು ಇವರು. "ತೊಟ್ಟಿಗೆ ಹೋಗ್ಬೇಕು, ತೊಟ್ಟಿ ತುಂಬಿರತ್ತೆ. ತೊರೆಗೆ ಹೋಗತ್ತೆ."

"ಸೇತುವೆ ಕೆಳಗಿನ ತೊರೆಗಾ?"

"ಅದಕ್ಕೇ." ಕೋಟಿನ ಹತ್ತಿರ ಬಂದು ಬುಧ ಅಂತಿದ್ದ ಮೂಲೆಗೆ ಬೆರಳಿಟ್ಟರು. "ಇಲ್ಲೊಂದು ನೇರಳೆ ಇತ್ತು. ಈ ತೋಳಲ್ಲಿ ತುಕ್ಕಿನ ಬಣ್ಣ. ಕಾಲರಲ್ಲಿ ಹಸಿರು. ನನ್ನ ಮಗಳು ಹಾಕಿದ್ದಲ್ಲ, ಬಿಳಿ ಬಟ್ಟೆ ಆ ನೀರಲ್ಲಿ ಬಿಟ್ಟದ್ದಕ್ಕೆ ಬಂದದ್ದು. ಅದನ್ನ ತೋರಿಸೋಕೆ ಅಂತ ಮಾಡಿದ್ಲು. ನಾನು ತಿಳೀದೆ ಎಲ್ಲ ತೊಳೆದು ಮತ್ತೆ ಅಲ್ಲಿಗೇ ಬಿಟ್ಟೆ. ಈಗ ಚೆನ್ನಾಗಿ ಕಾಣ್ತಿದೆ, ಅಲ್ವಾ?"

ಆಕೆ ಹಿಡಿದಿದ್ದ ತೋಳನ್ನು ಮೆಲ್ಲನೆ ಬಿಟ್ಟರು. ಸುತ್ತ ಇನ್ನೂ ಕೆಲವರು ನಿಂತು ಕೇಳುತ್ತಿದ್ದರು. ಒಬ್ಬಾತ ಬಗ್ಗಿ ವಾರದ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದ.

ಬಾಯ್ಲರಿನವನು ಹತ್ತಿರ ಬಂದು ದನಿ ತಗ್ಗಿಸಿದ. "ಮೇಸ್ತ್ರಿ, ನಾಳೆ ಮ್ಯಾನೇಜರ್ ಕಿವಿಗೆ ಬಿದ್ರೆ?"

"ಬೀಳ್ಲಿ. ಅವರಿಗೆ ಗೊತ್ತಿಲ್ಲದೇ ಇರೋದು ಏನು ಹೇಳಿದೆ ನಾನು?"

"ಅದೂ ಸರಿ," ಅಂದ ಅವನು, ಆದರೆ ಹೆಂಡತಿಯನ್ನು ಕರೆದುಕೊಂಡು ಬೇಗ ಹೊರಟುಹೋದ.

ಮಗಳು ಕೋಟಿನ ಹಿಂದಿನಿಂದ ಸುತ್ತಿಕೊಂಡು ಬಂದು ಅಪ್ಪನ ಪಕ್ಕದಲ್ಲಿ ನಿಂತಳು. ಮುಂದೆ ಯಾರು ಬಂದು ಕೇಳಿದರೂ ಇವರೇ ಹೇಳಿದರು, ಮಧ್ಯೆ ಮರೆತದ್ದನ್ನು ಅವಳು ಸೇರಿಸಿದಳು. ಒಂದು ಸಲ ಇವರು ಶುಕ್ರ ಅಂದಲ್ಲಿ ಅವಳು "ಅಲ್ಲಪ್ಪ, ಶನಿ," ಅಂತ ತಿದ್ದಿದಳು. ಮಧ್ಯಾಹ್ನದ ಹೊತ್ತಿಗೆ ಇವರ ಗಂಟಲು ಕಟ್ಟಿತ್ತು. ಅತ್ತೆ ಕುರ್ಚಿ ಹುಡುಕಿ ಕೂತು ನಿದ್ದೆ ಹೋಗಿದ್ದರು.

ನಾಳೆ ಇವರ ಕೆಲಸ ಏನಾಗುತ್ತದೋ ಎಂಬ ಭಯ ನನಗೆ ಇಲ್ಲದಿರಲಿಲ್ಲ. ಅಲ್ಲಿ ನಿಂತೇ ಮನಸ್ಸಿನಲ್ಲಿ ಇನ್ನಷ್ಟು ಪ್ಯಾಂಟುಗಳನ್ನು ಮೊಟಕು ಮಾಡುತ್ತಿದ್ದೆ. ಆದರೂ ಕಣ್ಣು ಮಾತ್ರ ಆ ಇಬ್ಬರನ್ನು ಬಿಟ್ಟು ಕದಲಲಿಲ್ಲ.

ಮನೆಗೆ ಬರುವಾಗ ಸೇತುವೆಯ ಹತ್ತಿರ ಇವರು ನಿಂತರು. "ಎಲ್ಲಿ ಅದ್ದುತ್ತಿದ್ದೆ?"

ಮಗಳು ಕೆಳಗೆ ಕಂಬದ ಬುಡ ತೋರಿಸಿದಳು.

"ಅಲ್ಲೇನಾ? ಅಲ್ಲಿ ಅದ್ದಿದ್ರೆ ಮೇಲಿನವರದ್ದೂ ನಮ್ಮದೂ ಕಲಸಿ ಬರತ್ತೆ. ಯಾರದ್ದು ಯಾವುದು ಅಂತ ಹೇಗೆ ತಿಳಿಯತ್ತೆ? ನಮ್ಮ ಕಾರ್ಖಾನೆ ನೀರು ಬಿಡೋ ಕೊಳವೆ ಬಾಯಿ ಹತ್ರ ಒಂದು ಪಟ್ಟಿ ಕಟ್ಟಬೇಕು. ಲೋಹದವರದ್ದಕ್ಕೆ ಬೇರೆ. ಸೇತುವೆಗೆ ಬೇರೆ. ಆಗ ಸರಿಯಾಗಿ ಕಾಣತ್ತೆ."

"ಕೊಳವೆ ಹತ್ರ ಹೋಗೋಕೆ ಗೇಟಲ್ಲಿ ಬಿಡಲ್ಲಪ್ಪ."

"ಗೇಟಿಂದ ಯಾಕೆ ಹೋಗ್ತೀಯ ಕತ್ತರಿ? ಹಿಂದಿನ ದಡದಲ್ಲಿ ಕಾಲುದಾರಿ ಇದೆ. ಜಾರತ್ತೆ, ಅಮ್ಮನ್ನ ಕರ್ಕೊಂಡು ಹೋಗು." ನೀರಿನ ಕಡೆ ಕೈ ಮಾಡಿ, "ಮತ್ತೆ ಬಟ್ಟೆ ನೆನೆಸ್ಕೊಂಡು ಹೋಗು. ಒಣ ಬಟ್ಟೆ ಅದ್ದಿದ್ರೆ ಕಲೆ ಕಲೆ ಬರತ್ತೆ," ಅಂದು ಮನೆಯ ಕಡೆ ಹೆಜ್ಜೆ ಹಾಕಿದರು.